ಶೇರ್‌ಪಾಯಿಂಟ್ ಇಂಟ್ರಾನೆಟ್ಟನ್ನು ಕಚೇರಿಗೆ ಒಗ್ಗಿಸುವುದು: ಸ್ಕ್ರಿಪ್ಟ್‌ಗಳು, ಕನ್ನಡದ ಕಾಲಂಗಳು ಮತ್ತು ಕೆಲವು ದುರಸ್ತಿಗಳು

ಕಚೇರಿಯ ಇಂಟ್ರಾನೆಟ್, ಅಂದರೆ ಸಿಬ್ಬಂದಿಗೆ ಮಾತ್ರ ತೆರೆದ ಒಳಜಾಲತಾಣ, ನೋಡಿಕೊಳ್ಳುವ ಹೊಣೆ ಎಷ್ಟೋ ಕಡೆ ಅದಕ್ಕೆಂದೇ ನೇಮಕವಾದವರಿಗೆ ಬರುವುದಿಲ್ಲ. ಆಡಳಿತ ವಿಭಾಗದಲ್ಲೋ ಲೆಕ್ಕಪತ್ರ ವಿಭಾಗದಲ್ಲೋ ಕಂಪ್ಯೂಟರ್ ಚೆನ್ನಾಗಿ ಬಲ್ಲವರೊಬ್ಬರ ಹೆಗಲಿಗೆ ಬಂದು ಕೂರುತ್ತದೆ. ಈ ಬರಹ ಅಂಥವರಿಗಾಗಿ. ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಮೇಲೆ ನಡೆಯುವ ಇಂಟ್ರಾನೆಟ್‌ನಲ್ಲಿ ಎಲ್ಲಿ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆಯಬೇಕು, ಎಲ್ಲಿ ಬರೆಯದೆಯೇ ಕೆಲಸ ಸಾಗಿಸಬಹುದು, ಕನ್ನಡದಲ್ಲಿ ಲಿಸ್ಟ್‌ಗಳನ್ನು (ಸಾಲು, ಕಾಲಂಗಳುಳ್ಳ ಕೋಷ್ಟಕಗಳನ್ನು) ಇಟ್ಟುಕೊಳ್ಳುವವರಿಗೆ ಮಾತ್ರ ಎದುರಾಗುವ ತೊಡಕುಗಳು ಯಾವುವು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನೀವು ಮಾಡುವ ಪ್ರತಿಯೊಂದು ಬದಲಾವಣೆಯೂ ನಿಮ್ಮ ನಂತರ ಆ ಕುರ್ಚಿಗೆ ಬರುವವರ ಕಣ್ಣಿಗೆ ಬೀಳುವಂತೆ, ಬೇಡವಾದರೆ ಅವರು ಸುಲಭವಾಗಿ ತೆಗೆದುಹಾಕುವಂತೆ ಇರಬೇಕು ಎಂಬ ಒಂದೇ ಕಾಳಜಿಯಿಂದ ಕೆಳಗಿನ ಸಲಹೆಗಳೆಲ್ಲ ಹುಟ್ಟಿವೆ.

ಮೊದಲು ನಿಮ್ಮ ಪುಟ ಯಾವ ಕಾಲದ್ದು ಎಂದು ತಿಳಿಯಿರಿ

ಶೇರ್‌ಪಾಯಿಂಟ್‌ನಲ್ಲಿ ಎರಡು ಬಗೆಯ ಪುಟಗಳಿವೆ: ಕ್ಲಾಸಿಕ್ ಮತ್ತು ಮಾಡರ್ನ್. ಪುಟವನ್ನು ತಿದ್ದುಪಡಿಗೆ ತೆರೆದಾಗ ಮೇಲ್ಭಾಗದಲ್ಲಿ ವರ್ಡ್‌ನಲ್ಲಿರುವಂಥ ರಿಬ್ಬನ್ ಮತ್ತು ಅದರಲ್ಲಿ ಇನ್ಸರ್ಟ್ ಎಂಬ ಟ್ಯಾಬ್ ಕಂಡರೆ ಅದು ಕ್ಲಾಸಿಕ್. ವಿಭಾಗಗಳ ನಡುವೆ ಕೂಡಿಸುವ ಚಿಹ್ನೆ ಮೂಡಿ, ಅದನ್ನು ಒತ್ತಿದರೆ ವೆಬ್ ಪಾರ್ಟ್‌ಗಳ, ಅಂದರೆ ಪುಟಕ್ಕೆ ಸೇರಿಸುವ ಬಿಡಿ ತುಣುಕುಗಳ, ಪಟ್ಟಿ ತೆರೆದುಕೊಂಡರೆ ಅದು ಮಾಡರ್ನ್. ಈ ವ್ಯತ್ಯಾಸ ತಿಳಿಯದೆ ಹಳೆಯ ಮಾರ್ಗದರ್ಶಿಯೊಂದನ್ನು ನೋಡಿಕೊಂಡು ಅರ್ಧ ದಿನ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಏಕೆಂದರೆ ಹಳೆಯ ಬರಹಗಳಲ್ಲಿ ಹೇಳುವ ಸ್ಕ್ರಿಪ್ಟ್ ಎಡಿಟರ್ ಮತ್ತು ಕಂಟೆಂಟ್ ಎಡಿಟರ್ ಎಂಬ ವೆಬ್ ಪಾರ್ಟ್‌ಗಳು ಮಾಡರ್ನ್ ಪುಟಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಸ್ವಂತ ಸ್ಕ್ರಿಪ್ಟ್ ಓಡಿಸಬೇಕಾದರೆ 2017ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಿಡುಗಡೆಯಾದ ಶೇರ್‌ಪಾಯಿಂಟ್ ಫ್ರೇಮ್‌ವರ್ಕ್ ಬಳಸಿ ಪ್ಯಾಕೇಜ್ ಕಟ್ಟಿ, ಅದನ್ನು ಸಂಸ್ಥೆಯ ಆ್ಯಪ್ ಕ್ಯಾಟಲಾಗ್‌ಗೆ ಏರಿಸಿ, ನಿರ್ವಾಹಕರ ಒಪ್ಪಿಗೆ ಪಡೆಯಬೇಕು.

ಕ್ಲೌಡ್‌ನಲ್ಲಿರುವ ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿ ಕ್ಲಾಸಿಕ್ ಪುಟಕ್ಕೂ ನೇರವಾಗಿ ಸ್ಕ್ರಿಪ್ಟ್ ಸೇರಿಸಲು ಬರುವುದಿಲ್ಲ. ನಿರ್ವಾಹಕರು ಆ ಸೈಟಿಗೆ ಕಸ್ಟಮ್ ಸ್ಕ್ರಿಪ್ಟ್ ಅನುಮತಿ ಕೊಡಬೇಕು. ಕೊಟ್ಟರೂ 24 ಗಂಟೆಯೊಳಗೆ ಅದು ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ. ಈಗಾಗಲೇ ಸೇರಿಸಿದ ಸ್ಕ್ರಿಪ್ಟ್ ಓಡುತ್ತಲೇ ಇರುತ್ತದೆ, ಹೊಸದನ್ನು ಸೇರಿಸಲು ಮಾತ್ರ ಮತ್ತೆ ಅನುಮತಿ ಕೇಳಬೇಕಾಗುತ್ತದೆ. ಹಾಗಾಗಿ ಅನುಮತಿ ಕೇಳುವ ಮೊದಲೇ ಕೆಲಸವನ್ನೆಲ್ಲ ಪ್ರಯೋಗದ ಸೈಟಿನಲ್ಲಿ ಮುಗಿಸಿಟ್ಟುಕೊಳ್ಳುವುದು ಒಳಿತು. ಸ್ವಂತ ಸರ್ವರ್‌ನಲ್ಲಿ 2016 ಅಥವಾ 2019ರ ಆವೃತ್ತಿ ಇಟ್ಟುಕೊಂಡ ಕಚೇರಿಗಳಿಗೆ ಈ ಕಟ್ಟುಪಾಡು ಅಷ್ಟು ಬಿಗಿಯಾಗಿಲ್ಲ. ಆದರೆ ಆ ಎರಡೂ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ನಿಗದಿಪಡಿಸಿದ ಬೆಂಬಲದ ಕೊನೆಯ ದಿನ 2026ರ ಜುಲೈ 14. ಆದ್ದರಿಂದ ಅಲ್ಲಿ ದೊಡ್ಡ ಸ್ಕ್ರಿಪ್ಟ್‌ಗಳನ್ನು ಹೊಸದಾಗಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಇರುವುದನ್ನು ಸರಿಪಡಿಸಿಕೊಂಡು ನಡೆಸಿದರೆ ಸಾಕು.

ಸ್ಕ್ರಿಪ್ಟ್ ಬೇಡದ ಕೆಲಸಗಳು

ರಜೆ ಅರ್ಜಿಯ ಲಿಸ್ಟ್ ಒಂದನ್ನು ತೆಗೆದುಕೊಳ್ಳೋಣ. ರಜೆ ಮುಗಿಯುವ ದಿನಾಂಕ ಆರಂಭದ ದಿನಾಂಕಕ್ಕಿಂತ ಹಿಂದಿರಬಾರದು. ಇದಕ್ಕಾಗಿ ಅನೇಕರು ಫಾರಂ ಪುಟದಲ್ಲಿ ಪ್ರಿಸೇವ್‌ಆ್ಯಕ್ಷನ್ ಎಂಬ ಹೆಸರಿನ ಫಂಕ್ಷನ್ ಬರೆಯುತ್ತಾರೆ. ಕ್ಲಾಸಿಕ್ ಫಾರಂನಲ್ಲಿ ಸೇವ್ ಒತ್ತಿದ ಕೂಡಲೇ ಶೇರ್‌ಪಾಯಿಂಟ್ ಆ ಹೆಸರಿನ ಫಂಕ್ಷನ್ ಇದೆಯೇ ಎಂದು ನೋಡುತ್ತದೆ, ಅದು ಫಾಲ್ಸ್ ಎಂದು ಉತ್ತರಿಸಿದರೆ ಉಳಿಸುವುದನ್ನು ನಿಲ್ಲಿಸುತ್ತದೆ. ಇದು ನಡೆಯುತ್ತದೆ, ನಿಜ. ಆದರೆ ಅದೇ ಲಿಸ್ಟನ್ನು ಯಾರಾದರೂ ಗ್ರಿಡ್ ನೋಟದಲ್ಲಿ ತೆರೆದು ತಿದ್ದಿದರೆ, ಅಥವಾ ಕೆಲಸಗಳನ್ನು ತಾನಾಗಿ ನಡೆಸುವ ಪವರ್ ಆಟೊಮೇಟ್‌ನ ಮೂಲಕ ಸಾಲು ಸೇರಿಸಿದರೆ ಆ ಫಂಕ್ಷನ್ ಓಡುವುದೇ ಇಲ್ಲ.

ಲಿಸ್ಟ್ ಸೆಟ್ಟಿಂಗ್ಸ್‌ನಲ್ಲಿರುವ ವ್ಯಾಲಿಡೇಶನ್ ಸೆಟ್ಟಿಂಗ್ಸ್‌ನಲ್ಲಿ ಎರಡು ದಿನಾಂಕಗಳನ್ನು ಹೋಲಿಸುವ ಒಂದು ಸಾಲಿನ ಸೂತ್ರ ಬರೆದರೆ ಸಾಲು ಯಾವ ದಾರಿಯಿಂದ ಬಂದರೂ ಪರೀಕ್ಷೆ ನಡೆಯುತ್ತದೆ, ತಪ್ಪಾದಾಗ ತೋರಿಸುವ ಸಂದೇಶವನ್ನೂ ಅಲ್ಲೇ ಕನ್ನಡದಲ್ಲಿ ಬರೆಯಬಹುದು. ಒಂದು ಸೂಕ್ಷ್ಮವಿದೆ: ಕಾಲಂನ ಒಳಗಿರುವ ವ್ಯಾಲಿಡೇಶನ್ ಬೇರೆ, ಇಡೀ ಲಿಸ್ಟಿನ ವ್ಯಾಲಿಡೇಶನ್ ಬೇರೆ. ಕಾಲಂನೊಳಗಿನ ಸೂತ್ರ ತನ್ನ ಕಾಲಂನ ಬೆಲೆಯನ್ನು ಮಾತ್ರ ನೋಡಬಲ್ಲದು. ಎರಡು ಕಾಲಂಗಳನ್ನು ಹೋಲಿಸಬೇಕಾದರೆ ಲಿಸ್ಟಿನ ಸೂತ್ರವೇ ಬೇಕು. ಮುಗಿಯುವ ದಿನಾಂಕ ಖಾಲಿ ಇರಬಹುದಾದರೆ ಸೂತ್ರದಲ್ಲಿ ಖಾಲಿಯೇ ಎಂದು ನೋಡುವ ಈಸ್‌ಬ್ಲ್ಯಾಂಕ್ ಸೇರಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಖಾಲಿ ಬಿಟ್ಟ ಅರ್ಜಿಗಳೆಲ್ಲ ತಿರಸ್ಕೃತವಾಗುತ್ತವೆ.

ಹಾಗೆಯೇ ಗಡುವು ಮೀರಿದ ಸಾಲುಗಳನ್ನು ಕೆಂಪಾಗಿ ತೋರಿಸಲು ಮಾಡರ್ನ್ ಲಿಸ್ಟ್‌ಗಳಲ್ಲಿ ಕಾಲಂ ಫಾರ್ಮ್ಯಾಟಿಂಗ್ ಇದೆ. ಕಾಲಂನ ತಲೆಪಟ್ಟಿಯ ಮೇಲೆ ಒತ್ತಿ ಫಾರ್ಮ್ಯಾಟ್ ದಿಸ್ ಕಾಲಂ ಆಯ್ದು, ಅಲ್ಲಿ ಜೇಸನ್ ಎಂಬ ಪಠ್ಯರೂಪದಲ್ಲಿ ಷರತ್ತು ಬರೆಯಬೇಕು. ಅದು ಮಾಹಿತಿಯನ್ನು ಮುಟ್ಟುವುದಿಲ್ಲ, ನೋಟವನ್ನಷ್ಟೇ ಬದಲಿಸುತ್ತದೆ. ಅಳಿಸಿದರೆ ಲಿಸ್ಟ್ ಮೊದಲಿನಂತೆ ಆಗುತ್ತದೆ. ಇಲ್ಲಿ ಎಲ್ಲರೂ ಒಮ್ಮೆ ಎಡವುವ ಜಾಗವೆಂದರೆ ಈ ಕ್ಷಣವನ್ನು ಸೂಚಿಸುವ ನೌ ಎಂಬ ಪದ. ಗಡುವಿನ ಕಾಲಂನಲ್ಲಿ ದಿನಾಂಕ ಮಾತ್ರ ಇದ್ದರೆ ಅದರ ಅರ್ಥ ಆ ದಿನದ ಮಧ್ಯರಾತ್ರಿ 12 ಗಂಟೆ. ನೀವು ಲಿಸ್ಟ್ ತೆರೆದದ್ದು ಬೆಳಗಿನ ಹತ್ತೂ ಮುಕ್ಕಾಲಿಗಾದರೆ ನೌ ಎಂದರೆ ಆ ಹೊತ್ತು. ಹಾಗಾಗಿ ಇಂದೇ ಮುಗಿಸಬೇಕಾದ ಕೆಲಸ ಬೆಳಿಗ್ಗೆ ಕಚೇರಿಗೆ ಬರುವ ಹೊತ್ತಿಗೇ ಗಡುವು ಮೀರಿದಂತೆ ಕೆಂಪಾಗಿ ಕಾಣುತ್ತದೆ. ನೌನಿಂದ 8,64,00,000 ಕಳೆದು ಹೋಲಿಸಿದರೆ ಇದು ಸರಿಹೋಗುತ್ತದೆ. ಅದು ಒಂದು ದಿನದ ಮಿಲಿಸೆಕೆಂಡ್‌ಗಳ ಲೆಕ್ಕ. ಜೇಸನ್‌ನಲ್ಲಿ ಬರೆಯುವಾಗ ಅಲ್ಪವಿರಾಮಗಳಿಲ್ಲದೆ ಬರೆಯಬೇಕು. ದಿನಾಂಕ ಖಾಲಿಯಿರುವ ಸಾಲುಗಳಿಗೂ ಬಣ್ಣ ಹತ್ತದಂತೆ, ಕಾಲಂನ ಬೆಲೆಯನ್ನು ನಂಬರ್ ಮಾಡಿದಾಗ ಸೊನ್ನೆ ಬಂದರೆ ಬಿಟ್ಟುಬಿಡು ಎಂಬ ಷರತ್ತನ್ನು ಎಲ್ಲಕ್ಕಿಂತ ಮೊದಲು ಇಡಿ.

ಕಾಲಂಗಳಿಗೆ ಕನ್ನಡದ ಹೆಸರು

ಕನ್ನಡದಲ್ಲಿ ಇಂಟ್ರಾನೆಟ್ ನಡೆಸುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಶೇರ್‌ಪಾಯಿಂಟ್‌ನ ಪ್ರತಿ ಕಾಲಂಗೂ ಎರಡು ಹೆಸರುಗಳಿರುತ್ತವೆ. ಪುಟದಲ್ಲಿ ಕಾಣುವ ಹೆಸರನ್ನು ಎಷ್ಟು ಸಲವಾದರೂ ಬದಲಿಸಬಹುದು. ಒಳಗಿನ ಹೆಸರು ಕಾಲಂ ಹುಟ್ಟಿದ ಕ್ಷಣದಲ್ಲಿ ಒಮ್ಮೆ ನಿರ್ಧಾರವಾಗುತ್ತದೆ, ಆಮೇಲೆ ಬದಲಾಗುವುದಿಲ್ಲ, ಮತ್ತು ಸ್ಕ್ರಿಪ್ಟ್‌ಗಳು ಮಾತಾಡುವುದು ಆ ಒಳಹೆಸರಿನೊಡನೆ. ಲಿಸ್ಟ್ ಸೆಟ್ಟಿಂಗ್ಸ್ ಪುಟದಿಂದ ಕಾಲಂ ಸೃಷ್ಟಿಸಿದಾಗ ಇಂಗ್ಲಿಷಿನ ಅಕ್ಷರ, ಅಂಕೆಗಳ ಹೊರತಾದ ಪ್ರತಿ ಚಿಹ್ನೆಯನ್ನೂ ಅದು ಏಳು ಅಕ್ಷರಗಳ ಒಂದು ಗುರುತಾಗಿ ಮಾರ್ಪಡಿಸುತ್ತದೆ: ಒಂದು ಅಂಡರ್‌ಸ್ಕೋರ್, ಎಕ್ಸ್ ಅಕ್ಷರ, ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನ ನಾಲ್ಕು ಅಂಕೆಯ (ಎಯಿಂದ ಎಫ್‌ವರೆಗಿನ ಅಕ್ಷರಗಳೂ ಸೇರಬಹುದಾದ) ಸಂಖ್ಯೆ, ಮತ್ತೊಂದು ಅಂಡರ್‌ಸ್ಕೋರ್. ಒಂದು ಖಾಲಿ ಜಾಗ ಇದ್ದರೆ ಅಲ್ಲಿ 0020 ಬರುತ್ತದೆ, ಹ ಅಕ್ಷರಕ್ಕೆ 0ಸಿಬಿ9 ಬರುತ್ತದೆ.

ಒಳಹೆಸರಿನ ಉದ್ದಕ್ಕೆ ಮಿತಿ 32 ಅಕ್ಷರಗಳು. ‘ಹೆಸರು’ ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರ. ಯೂನಿಕೋಡ್‌ನ ಲೆಕ್ಕದಲ್ಲಿ ಹ, ಎತ್ವ, ಸ, ರ, ಉಕಾರದ ಕೊಂಬು ಎಂದು ಐದು ಚಿಹ್ನೆಗಳು, ಐದೇಳಲಿ ಮೂವತ್ತೈದು. ಅಂದರೆ ‘ಹೆಸರು’ ಎಂಬಷ್ಟು ಪುಟ್ಟ ಪದವೂ ಒಳಗೆ ಪೂರ್ತಿ ಹಿಡಿಸುವುದಿಲ್ಲ, ಬಾಲ ಕತ್ತರಿಸಿಹೋಗುತ್ತದೆ. ‘ಸಿಬ್ಬಂದಿಯ ವಿಳಾಸ’ ಮತ್ತು ‘ಸಿಬ್ಬಂದಿಯ ದೂರವಾಣಿ’ ಎಂಬ ಎರಡು ಕಾಲಂಗಳನ್ನು ಮಾಡಿದರೆ ಎರಡೂ ಸಿ, ಅರ್ಧ ಬ್ ಎನ್ನುವಷ್ಟರಲ್ಲೇ ತುಂಡಾಗಿ ಒಂದೇ ರೂಪ ತಾಳುತ್ತವೆ, ಎರಡನೆಯದರ ಕೊನೆಗೆ ಶೇರ್‌ಪಾಯಿಂಟ್ ಒಂದು ಅಂಕೆ ಅಂಟಿಸುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಯಾವುದು ವಿಳಾಸ, ಯಾವುದು ದೂರವಾಣಿ ಎಂದು ಗೊತ್ತಾಗುವ ಬಗೆಯೇ ಇರುವುದಿಲ್ಲ. ಸಾಲದ್ದಕ್ಕೆ, ಒಳಹೆಸರು ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಕಾಲಂಗಳನ್ನು ರೆಸ್ಟ್ (ಸ್ಕ್ರಿಪ್ಟ್‌ಗಳು ವೆಬ್ ವಿಳಾಸದ ಮೂಲಕ ಮಾಹಿತಿ ಕೇಳುವ ವಿಧಾನ) ವಿಳಾಸದ ಮೂಲಕ ಕೇಳುವಾಗ ಹೆಸರಿನ ಮುಂದೆ ಓಡೇಟಾ ಎಂಬ ಪದವನ್ನೂ ಒಂದು ಅಂಡರ್‌ಸ್ಕೋರನ್ನೂ ಹೆಚ್ಚಿಗೆ ಸೇರಿಸಬೇಕು. ಸೇರಿಸದಿದ್ದರೆ ಅಂಥ ಕಾಲಂ ಇಲ್ಲವೆಂಬ ಉತ್ತರ ಬರುತ್ತದೆ.

ಪರಿಹಾರಕ್ಕೆ ಅರ್ಧ ನಿಮಿಷ ಸಾಕು. ಕಾಲಂ ಸೃಷ್ಟಿಸುವಾಗ ಖಾಲಿ ಜಾಗವಿಲ್ಲದ ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು ಉಳಿಸಿ. ಆಮೇಲೆ ಅದೇ ಕಾಲಂ ತೆರೆದು ಹೆಸರನ್ನು ಕನ್ನಡಕ್ಕೆ ಬದಲಿಸಿ ಮತ್ತೆ ಉಳಿಸಿ. ಜನರಿಗೆ ಕನ್ನಡ ಕಾಣುತ್ತದೆ, ಸ್ಕ್ರಿಪ್ಟಿಗೆ ಅಚ್ಚುಕಟ್ಟಾದ ಒಳಹೆಸರು ಸಿಗುತ್ತದೆ. ಹೊಸ ಲಿಸ್ಟ್ ಮತ್ತು ಲೈಬ್ರರಿಗಳನ್ನೂ (ಕಡತಗಳನ್ನಿಡುವ ಜಾಗಗಳನ್ನೂ) ಹೀಗೆಯೇ ಹುಟ್ಟಿಸಬೇಕು, ಏಕೆಂದರೆ ಅವುಗಳ ವಿಳಾಸವೂ ಮೊದಲ ಹೆಸರಿನಿಂದಲೇ ತಯಾರಾಗುತ್ತದೆ. ಕನ್ನಡದ ಒಂದೊಂದು ಚಿಹ್ನೆಯೂ ವೆಬ್ ವಿಳಾಸದಲ್ಲಿ ಒಂಬತ್ತು ಅಕ್ಷರಗಳಾಗಿ ಹಿಗ್ಗಿ, ಇಮೇಲ್‌ನಲ್ಲಿ ಕಳಿಸಿದ ಕೊಂಡಿ ಮೂರು ಸಾಲಿಗೆ ಹರಡಿಕೊಳ್ಳುತ್ತದೆ. ಈಗಾಗಲೇ ಇರುವ ಕಾಲಂನ ಒಳಹೆಸರು ತಿಳಿಯಬೇಕಾದರೆ ಲಿಸ್ಟ್ ಸೆಟ್ಟಿಂಗ್ಸ್‌ನಲ್ಲಿ ಆ ಕಾಲಂನ ಮೇಲೆ ಒತ್ತಿ, ಬ್ರೌಸರ್‌ನ ವಿಳಾಸಪಟ್ಟಿಯ ಕೊನೆಯಲ್ಲಿ ಫೀಲ್ಡ್ ಎಂಬ ಪದದ ಮುಂದಿರುವುದನ್ನು ಓದಿಕೊಳ್ಳಿ.

ರಾಜ್ಯೋತ್ಸವ ಅಕ್ಟೋಬರ್ 31ಕ್ಕೆ ಬಂದಾಗ

ನಾನು ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಕಚೇರಿಯೊಂದರ ಮುಖಪುಟದಲ್ಲಿ ವರ್ಷದ ರಜಾದಿನಗಳ ಪಟ್ಟಿ ತೋರಿಸುವ ಪುಟ್ಟ ಸ್ಕ್ರಿಪ್ಟ್ ಇತ್ತು. ಲಿಸ್ಟಿನಲ್ಲಿ ಕನ್ನಡ ರಾಜ್ಯೋತ್ಸವ ನವೆಂಬರ್ 1 ಎಂದು ಸರಿಯಾಗಿಯೇ ಇತ್ತು, ಮುಖಪುಟದಲ್ಲಿ ಮಾತ್ರ ಅಕ್ಟೋಬರ್ 31 ಎಂದು ಕಾಣುತ್ತಿತ್ತು. ಸ್ವಾತಂತ್ರ್ಯ ದಿನ ಆಗಸ್ಟ್ 14ಕ್ಕೆ, ಗಣರಾಜ್ಯೋತ್ಸವ ಜನವರಿ 25ಕ್ಕೆ. ಪಟ್ಟಿ ತುಂಬಿಸಿದ ಸಹೋದ್ಯೋಗಿ ಎರಡು ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿದ್ದರು. ತಪ್ಪು ಅವರದಾಗಿರಲಿಲ್ಲ.

ಶೇರ್‌ಪಾಯಿಂಟ್ ಎಲ್ಲ ಸಮಯವನ್ನೂ ಯುಟಿಸಿ, ಅಂದರೆ ವಿಶ್ವ ಪ್ರಮಾಣ ಸಮಯದಲ್ಲಿ ಉಳಿಸುತ್ತದೆ. ನಮ್ಮ ನವೆಂಬರ್ 1ರ ಮಧ್ಯರಾತ್ರಿ ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ 6.30. ರೆಸ್ಟ್ ಮೂಲಕ ಕೇಳಿದಾಗ ಉತ್ತರ ಅಕ್ಟೋಬರ್ 31ರ 18.30 ಎಂದೇ ಬರುತ್ತದೆ. ಸ್ಕ್ರಿಪ್ಟ್ ಬರೆದವರು ಆ ಉತ್ತರದ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ದಿನಾಂಕವೆಂದು ತೋರಿಸಿದ್ದರು. ಹೀಗೆ ಕತ್ತರಿಸುವ ಬದಲು ಆ ಉತ್ತರವನ್ನು ಜಾವಾಸ್ಕ್ರಿಪ್ಟ್‌ನ ಡೇಟ್ ಆಗಿ ಪರಿವರ್ತಿಸಿ, ತೋರಿಸುವಾಗ ಏಷ್ಯಾ/ಕೋಲ್ಕತಾ ಎಂಬ ಸಮಯ ವಲಯವನ್ನು ಸ್ಪಷ್ಟವಾಗಿ ಹೆಸರಿಸಬೇಕು. ಬ್ರೌಸರ್‌ನ ಸಮಯಕ್ಕೇ ಬಿಟ್ಟರೂ ಇಲ್ಲಿ ಕುಳಿತವರಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಅಮೆರಿಕದ ಶಾಖೆಯಲ್ಲಿರುವವರು ಅದೇ ಪುಟ ತೆರೆದರೆ ಅವರಿಗೆ ಮತ್ತೆ ಒಂದು ದಿನ ಹಿಂದೆ ಸರಿಯುತ್ತದೆ. ರಜಾದಿನದಂಥ ಮಾಹಿತಿಗೆ ಅದು ಸಲ್ಲದು.

ಇದರ ಜೊತೆಗೆ ಸೈಟಿನ ರೀಜನಲ್ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ. ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿ ಯಾರೂ ಬದಲಿಸದೆ ಬಿಟ್ಟ ಸೈಟುಗಳು ಅಮೆರಿಕದ ಪೆಸಿಫಿಕ್ ಸಮಯದಲ್ಲೇ ಉಳಿದಿರುವುದು ಸಾಮಾನ್ಯ. ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವ ಐದೂವರೆ ಗಂಟೆ ಮುಂದಿನ ವಲಯವನ್ನು ಆಯ್ದುಕೊಳ್ಳಿ. ಮುಂದೆ ಹುಟ್ಟುವ ಸೈಟುಗಳಿಗೂ ಅದೇ ಅನ್ವಯಿಸುವಂತೆ ಅಡ್ಮಿನ್ ಸೆಂಟರ್‌ನ ಸೈಟ್ ಕ್ರಿಯೇಶನ್ ವಿಭಾಗದಲ್ಲಿ ನಿರ್ವಾಹಕರು ಹೊಂದಿಸಬಹುದು. ವಲಯ ಬದಲಿಸಿದ ಮೇಲೆ ದಿನಾಂಕ ಮಾತ್ರವಿದ್ದ ಹಳೆಯ ಸಾಲುಗಳು ಕೆಡುವುದಿಲ್ಲ, ಏಕೆಂದರೆ ಪೆಸಿಫಿಕ್ ಮಧ್ಯರಾತ್ರಿ ನಮಗೆ ಅದೇ ದಿನದ ಮಧ್ಯಾಹ್ನವಾಗಿರುತ್ತದೆ. ಗಂಟೆಯನ್ನೂ ತುಂಬಿಸಿದ ಸಾಲುಗಳು ಹಾಗಲ್ಲ. ಬೆಳಗಿನ ಹತ್ತು ಗಂಟೆಗೆಂದು ಬರೆದ ಸಭೆ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಹೋಗಿ ಕೂರುತ್ತದೆ. ಅವನ್ನು ಒಂದೊಂದಾಗಿ ತಿದ್ದಲೇಬೇಕು, ಮತ್ತು ಆ ವಿಷಯವನ್ನು ಬದಲಾವಣೆಗೆ ಮುಂಚೆಯೇ ಎಲ್ಲರಿಗೂ ತಿಳಿಸಬೇಕು.

ಕ್ಲಾಸಿಕ್ ಪುಟದಲ್ಲಿ ಸ್ಕ್ರಿಪ್ಟ್ ಇಡುವ ಕ್ರಮ

ಸ್ಕ್ರಿಪ್ಟನ್ನು ಎಂದಿಗೂ ಪುಟದೊಳಗೆ ನೇರವಾಗಿ ಅಂಟಿಸಬೇಡಿ. ಸೈಟ್ ಅಸೆಟ್ಸ್ ಲೈಬ್ರರಿಯಲ್ಲಿ ಸ್ಕ್ರಿಪ್ಟ್‌ಗಳಿಗೆಂದೇ ಒಂದು ಫೋಲ್ಡರ್ ಮಾಡಿ, ಆ ಲೈಬ್ರರಿಗೆ ವರ್ಶನಿಂಗ್ ಚಾಲನೆಗೊಳಿಸಿ, ಕಡತವನ್ನು ಅಲ್ಲಿಟ್ಟು, ಪುಟದಲ್ಲಿ ಕಂಟೆಂಟ್ ಎಡಿಟರ್ ಸೇರಿಸಿ ಅದರ ಕಂಟೆಂಟ್ ಲಿಂಕ್ ಜಾಗದಲ್ಲಿ ಕಡತದ ವಿಳಾಸ ಕೊಡಿ. ಹೀಗೆ ಮಾಡಿದರೆ ಒಂದೇ ಸ್ಕ್ರಿಪ್ಟ್ ಹತ್ತು ಪುಟಗಳಲ್ಲಿದ್ದರೂ ತಿದ್ದುವುದು ಒಂದೇ ಕಡೆ. ತಿದ್ದುಪಡಿ ಕೆಟ್ಟರೆ ಹಿಂದಿನ ವರ್ಶನ್ ಮರಳಿಸಿದರೆ ಮುಗಿಯಿತು.

ಕಡತವನ್ನು ಸ್ಟೈಲ್ ಲೈಬ್ರರಿಯಂಥ ಕಡೆ ಇಟ್ಟಿದ್ದರೆ ಇನ್ನೊಂದು ಅಪಾಯವಿದೆ. ಅಲ್ಲಿ ಕಡತಗಳನ್ನು ಚೆಕ್ ಇನ್ ಮಾಡಿ ಪ್ರಕಟಿಸುವವರೆಗೆ ಅದು ಬರೆದವರಿಗಷ್ಟೇ ಕಾಣುತ್ತದೆ. ನಿಮ್ಮ ಪರದೆಯ ಮೇಲೆ ಎಲ್ಲವೂ ಸರಿಯಾಗಿ ನಡೆಯುತ್ತಿದ್ದು ಪಕ್ಕದ ಮೇಜಿನವರಿಗೆ ಏನೂ ಆಗುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಇದನ್ನು. ಎರಡನೆಯದಾಗಿ ನೋಡಬೇಕಾದದ್ದು ಬ್ರೌಸರ್‌ನ ಕ್ಯಾಶ್, ಅಂದರೆ ಅದು ಉಳಿಸಿಟ್ಟುಕೊಂಡ ಹಳೆಯ ಪ್ರತಿ. ಕಡತದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೊಡನೆ ವರ್ಶನ್ ಸಂಖ್ಯೆ ಸೇರಿಸಿ, ತಿದ್ದಿದಾಗಲೆಲ್ಲ ಅದನ್ನು ಹೆಚ್ಚಿಸುತ್ತ ಹೋದರೆ ಹಳೆಯ ಪ್ರತಿಯ ಕಾಟ ತಪ್ಪುತ್ತದೆ.

ಸ್ಕ್ರಿಪ್ಟ್ ಒಮ್ಮೆ ಓಡಿ ಇನ್ನೊಮ್ಮೆ ಓಡದೆ ಹೋಗುವುದಕ್ಕೆ ಹೆಚ್ಚಾಗಿ ಎರಡು ಕಾರಣಗಳಿರುತ್ತವೆ. ಶೇರ್‌ಪಾಯಿಂಟ್‌ನ ಸ್ವಂತ ಸ್ಕ್ರಿಪ್ಟ್ ಕಡತ ಬ್ರೌಸರ್‌ಗೆ ಬಂದು ಇಳಿಯುವ ಮೊದಲೇ ನಿಮ್ಮ ಸ್ಕ್ರಿಪ್ಟ್ ಅದನ್ನು ಕರೆದಿರಬಹುದು; ಆಗ ಎಕ್ಸಿಕ್ಯೂಟ್‌ಆರ್‌ಡಿಲೇ‌ಅಂಟಿಲ್‌ಸ್ಕ್ರಿಪ್ಟ್‌ಲೋಡೆಡ್ ಎಂಬ ಫಂಕ್ಷನ್‌ಗೆ ಎಸ್‌ಪಿ.ಜೆಎಸ್ ಕಡತದ ಹೆಸರು ಕೊಟ್ಟು, ಅದರೊಳಗೆ ನಿಮ್ಮ ಕೆಲಸ ಇರಿಸಬೇಕು. ಇಲ್ಲವೇ ಸೈಟಿನಲ್ಲಿ ಮಿನಿಮಲ್ ಡೌನ್‌ಲೋಡ್ ಸ್ಟ್ರ್ಯಾಟಜಿ ಚಾಲನೆಯಲ್ಲಿರಬಹುದು, ವಿಳಾಸದಲ್ಲಿ ಸ್ಟಾರ್ಟ್.ಎಎಸ್‌ಪಿಎಕ್ಸ್ ಎಂದು ಕಂಡರೆ ಅದು ಚಾಲನೆಯಲ್ಲಿದೆ ಎಂದರ್ಥ. ಆ ವ್ಯವಸ್ಥೆ ಪುಟದಿಂದ ಪುಟಕ್ಕೆ ಹೋಗುವಾಗ ಬದಲಾದ ಭಾಗವನ್ನಷ್ಟೇ ತರುವುದರಿಂದ, ಪುಟ ಪೂರ್ತಿ ತೆರೆದಾಗ ಓಡಬೇಕಾದ ಸ್ಕ್ರಿಪ್ಟ್ ಎರಡನೇ ಭೇಟಿಯಲ್ಲಿ ಸುಮ್ಮನಿರುತ್ತದೆ. ಸೈಟ್ ಫೀಚರ್‌ಗಳ ಪಟ್ಟಿಯಲ್ಲಿ ಅದನ್ನು ನಿಲ್ಲಿಸಬಹುದು. ಕಚೇರಿಯೊಳಗಿನ ವೇಗದ ನೆಟ್‌ವರ್ಕ್‌ನಲ್ಲಿ ಅದರಿಂದಾಗುವ ನಷ್ಟ ಗಮನಕ್ಕೆ ಬರುವಷ್ಟಿಲ್ಲ ಎಂಬುದು ನನ್ನ ಅನುಭವ.

ಲಿಸ್ಟಿಗೆ ಬರೆಯುವ ಸ್ಕ್ರಿಪ್ಟ್‌ಗಳಲ್ಲಿ ಮತ್ತೊಂದು ದೂರು ಮತ್ತೆ ಮತ್ತೆ ಬರುತ್ತದೆ: ಫಾರಂ ತೆರೆದಿಟ್ಟು ಊಟಕ್ಕೆ ಹೋಗಿ ಬಂದು ಸೇವ್ ಒತ್ತಿದರೆ ಭದ್ರತಾ ಪರಿಶೀಲನೆ ಅಮಾನ್ಯ ಎಂಬ ಸಂದೇಶ. ಪುಟದ ಜೊತೆ ಬರುವ ರಿಕ್ವೆಸ್ಟ್ ಡೈಜೆಸ್ಟ್ ಎಂಬ ಚೀಟಿಯ ಆಯುಸ್ಸು ಸಾಮಾನ್ಯವಾಗಿ 30 ನಿಮಿಷ. ಪುಟದಲ್ಲಿರುವ ಹಳೆಯ ಚೀಟಿಯನ್ನೇ ನೆಚ್ಚದೆ, ಬರೆಯುವ ಮುನ್ನ ಕಾಂಟೆಕ್ಸ್ಟ್‌ಇನ್ಫೋ ಎಂಬ ರೆಸ್ಟ್ ವಿಳಾಸಕ್ಕೆ ಪೋಸ್ಟ್ ಕರೆ ಕಳಿಸಿ ಹೊಸ ಚೀಟಿ ತರಿಸಿಕೊಂಡರೆ ಈ ದೂರು ನಿಲ್ಲುತ್ತದೆ. ಹಾಗೆಯೇ ಇರುವ ಸಾಲನ್ನು ತಿದ್ದುವಾಗ ಇಫ್-ಮ್ಯಾಚ್ ಎಂಬ ಹೆಡರ್‌ಗೆ ಎಲ್ಲರೂ ನಕ್ಷತ್ರ ಚಿಹ್ನೆ ಹಾಕುತ್ತಾರೆ. ನಡುವೆ ಬೇರೆಯವರು ತಿದ್ದಿದ್ದರೂ ಪರವಾಗಿಲ್ಲ, ನನ್ನದೇ ಉಳಿಯಲಿ ಎಂಬುದು ಅದರ ಅರ್ಥ. ಮಂಜೂರಾತಿಯಂಥ ಕೆಲಸಗಳಲ್ಲಿ ಇದು ಅನ್ಯಾಯಕ್ಕೆ ದಾರಿ. ಓದುವಾಗ ಬಂದ, ಸಾಲಿನ ಆವೃತ್ತಿಯನ್ನು ಸೂಚಿಸುವ ಈಟ್ಯಾಗ್ ಬೆಲೆಯನ್ನೇ ಅಲ್ಲಿ ಕೊಟ್ಟರೆ, ನಡುವೆ ಸಾಲು ಬದಲಾಗಿದ್ದಲ್ಲಿ 412 ಎಂಬ ದೋಷದ ಉತ್ತರ ಬರುತ್ತದೆ. ಆಗ ಪುಟವನ್ನು ಮತ್ತೆ ತೆರೆಯುವಂತೆ ಬಳಕೆದಾರರಿಗೆ ಹೇಳಬಹುದು.

ಪುಟವೇ ಬಾಗಿಲು ಹಾಕಿಕೊಂಡಾಗ

ಒಂದು ಕಚೇರಿಯಲ್ಲಿ ಹಳೆಯ ಮುಖಪುಟಕ್ಕೆ ಬಂದವರನ್ನು ಹೊಸ ಮುಖಪುಟಕ್ಕೆ ಕಳಿಸಲೆಂದು ಯಾರೋ ಎರಡು ಸಾಲಿನ ಸ್ಕ್ರಿಪ್ಟ್ ಹಾಕಿದ್ದರು. ಕೆಲವು ತಿಂಗಳ ನಂತರ ಅದನ್ನು ತೆಗೆಯಬೇಕಾಯಿತು. ತೆಗೆಯಲು ಪುಟ ತೆರೆಯಬೇಕು, ತೆರೆದ ಕ್ಷಣವೇ ಸ್ಕ್ರಿಪ್ಟ್ ಹೊರಗೆ ದಬ್ಬುತ್ತದೆ. ನಿರ್ವಾಹಕರಿಗೂ ಒಳಗೆ ಹೋಗಲಾಗಲಿಲ್ಲ; ಪುಟವನ್ನೇ ಅಳಿಸುವ ಮಾತು ನಡೆದಿತ್ತು.

ಇಂಥ ಸಂದರ್ಭಕ್ಕೆಂದೇ ಕ್ಲಾಸಿಕ್ ಪುಟಗಳಲ್ಲಿ ಹಿಂಬಾಗಿಲೊಂದಿದೆ. ಪುಟದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಕಂಟೆಂಟ್ಸ್ ಎಂಬ ಇಂಗ್ಲಿಷ್ ಪದ, ಸಮ ಚಿಹ್ನೆ, 1 ಎಂದು ಸೇರಿಸಿ ಎಂಟರ್ ಒತ್ತಿದರೆ ಪುಟದ ಬದಲು ಅದರಲ್ಲಿರುವ ವೆಬ್ ಪಾರ್ಟ್‌ಗಳ ಪಟ್ಟಿ ಮಾತ್ರ ತೆರೆಯುತ್ತದೆ, ಯಾವ ಸ್ಕ್ರಿಪ್ಟೂ ಓಡುವುದಿಲ್ಲ. ಅಲ್ಲಿ ತಪ್ಪು ಮಾಡಿದ ವೆಬ್ ಪಾರ್ಟನ್ನು ಗುರುತು ಹಾಕಿ ಅಳಿಸಬಹುದು. ಮಾಡರ್ನ್ ಪುಟಗಳಲ್ಲಿ ಇದರ ಬದಲು ಮೇಂಟೆನೆನ್ಸ್‌ಮೋಡ್ ಎಂಬ ಪದಕ್ಕೆ ಟ್ರೂ ಎಂಬ ಬೆಲೆ ಕೊಡಬೇಕು. ದಾರಿ ತಿರುಗಿಸುವ ಸ್ಕ್ರಿಪ್ಟ್ ಬರೆಯಲೇಬೇಕಾದವರು ಪುಟ ತಿದ್ದುಪಡಿಯ ಸ್ಥಿತಿಯಲ್ಲಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಎಂಎಸ್‌ಒಲೇಔಟ್_ಇನ್‌ಡಿಸೈನ್‌ಮೋಡ್ ಎಂಬ ಅಡಗಿದ ಫೀಲ್ಡಿನ ಬೆಲೆ 1 ಇದ್ದರೆ ಸ್ಕ್ರಿಪ್ಟ್ ಏನನ್ನೂ ಮಾಡದೆ ಹಿಂತಿರುಗಬೇಕು.

ಐದು ಸಾವಿರದ ಗೋಡೆ

ಟಪಾಲು ನೋಂದಣಿಯಂಥ ಲಿಸ್ಟ್‌ಗಳು ಒಂದೆರಡು ವರ್ಷ ಚೆನ್ನಾಗಿ ನಡೆದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತೆರೆಯಲು ನಿರಾಕರಿಸುತ್ತವೆ. ಸಾಲುಗಳ ಸಂಖ್ಯೆ 5,000 ದಾಟಿರುತ್ತದೆ. ಈ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ: ಒಂದು ಡೇಟಾಬೇಸ್‌ನಲ್ಲಿರುವ ಎಲ್ಲ ಲಿಸ್ಟ್‌ಗಳ ಸಾಲುಗಳೂ ಒಂದೇ ಟೇಬಲ್‌ನಲ್ಲಿರುತ್ತವೆ, ಒಂದು ಪ್ರಶ್ನೆ ಸುಮಾರು ಐದು ಸಾವಿರ ಸಾಲುಗಳಿಗೆ ಬೀಗ ಹಾಕಿದಾಗ ಡೇಟಾಬೇಸ್ ನಡೆಸುವ ಎಸ್‌ಕ್ಯೂಎಲ್ ಸರ್ವರ್ ಇಡೀ ಟೇಬಲ್‌ಗೇ ಬೀಗ ಜಡಿಯುತ್ತದೆ, ಆಗ ಬೇರೆಲ್ಲರ ಲಿಸ್ಟ್‌ಗಳೂ ಕಾಯಬೇಕಾಗುತ್ತದೆ. ಸ್ವಂತ ಸರ್ವರ್ ಇರುವವರು ಮಿತಿಯನ್ನು ಏರಿಸಬಹುದಾದರೂ ಏರಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಲಿಸ್ಟಿನಲ್ಲಿ 5,000ಕ್ಕಿಂತ ಹೆಚ್ಚು ಸಾಲುಗಳಿರುವುದು ತಪ್ಪಲ್ಲ, ಒಂದೇ ನೋಟ (ವ್ಯೂ) ಅಷ್ಟನ್ನೂ ತಡಕುವುದು ತಪ್ಪು. ಸ್ವೀಕರಿಸಿದ ದಿನಾಂಕದ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿ, ನೋಟದ ಫಿಲ್ಟರ್‌ನಲ್ಲಿ ಅದನ್ನೇ ಮೊದಲ ಷರತ್ತಾಗಿ ಇಟ್ಟು, ಆ ಷರತ್ತೊಂದರಿಂದಲೇ ಸಾಲುಗಳು ಐದು ಸಾವಿರಕ್ಕಿಂತ ಕಡಿಮೆಯಾಗುವಂತೆ ನೋಡಿಕೊಳ್ಳಿ. ಎರಡು ಷರತ್ತುಗಳ ನಡುವೆ ‘ಅಥವಾ’ ಬಳಸಿದರೆ ಇಂಡೆಕ್ಸ್‌ನ ಲಾಭ ಸಿಗುವುದಿಲ್ಲ. ಒಂದು ಲಿಸ್ಟಿಗೆ 20 ಇಂಡೆಕ್ಸ್‌ಗಳವರೆಗೆ ಅವಕಾಶವಿದೆ. ಸ್ವಂತ ಸರ್ವರ್‌ನಲ್ಲಾದರೆ ಲಿಸ್ಟ್ ಮಿತಿ ದಾಟುವ ಮೊದಲೇ ಅವನ್ನು ಸೃಷ್ಟಿಸಬೇಕು, ದಾಟಿದ ಮೇಲೆ ಸಾಮಾನ್ಯ ಹೊತ್ತಿನಲ್ಲಿ ಇಂಡೆಕ್ಸ್ ಮಾಡಲೂ ಬಿಡುವುದಿಲ್ಲ. ಸ್ಕ್ರಿಪ್ಟ್ ಬರೆಯುವವರು ಇನ್ನೊಂದನ್ನು ನೆನಪಿಡಬೇಕು: ರೆಸ್ಟ್ ಕರೆ ಸಂಖ್ಯೆ ಹೇಳದಿದ್ದರೆ 100 ಸಾಲುಗಳನ್ನಷ್ಟೇ ಕೊಡುತ್ತದೆ. ಪ್ರಯೋಗದ ಸೈಟಿನಲ್ಲಿ ನಲವತ್ತು ಸಾಲುಗಳಿದ್ದಾಗ ಸರಿಯಾಗಿದ್ದ ಒಟ್ಟು ಮೊತ್ತ ನಿಜವಾದ ಲಿಸ್ಟಿನಲ್ಲಿ ತಪ್ಪಾಗುವುದು ಹೀಗೆ. ಉತ್ತರದ ಕೊನೆಯಲ್ಲಿ ಮುಂದಿನ ಕಂತಿನ ವಿಳಾಸ ಇದ್ದರೆ, ಅದು ಮುಗಿಯುವವರೆಗೂ ಕೇಳುತ್ತಲೇ ಹೋಗಬೇಕು.

ಹಳೆಯ ಕನ್ನಡ ಮಾಹಿತಿಯನ್ನು ಒಳಗೆ ತರುವಾಗ

ಕರ್ನಾಟಕದ ಅನೇಕ ಕಚೇರಿಗಳಲ್ಲಿ ಹಳೆಯ ಎಕ್ಸೆಲ್ ಕಡತಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿವೆ. ಅವನ್ನು ಹಾಗೆಯೇ ಲಿಸ್ಟಿಗೆ ತಂದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್ ಬದಲಿಸಿ ಕಣ್ಣಿಗೆ ಸರಿಮಾಡಿದರೂ ಹುಡುಕಾಟಕ್ಕೆ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶದಿಂದ ಮೊದಲು ಯೂನಿಕೋಡ್‌ಗೆ ಬದಲಿಸಿ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ಒಮ್ಮೆ ಪರಿಶೀಲಿಸಿ, ಆಮೇಲೆ ಒಳಗೆ ತನ್ನಿ.

ತರಲು ಪವರ್‌ಶೆಲ್ ಎಂಬ ಆದೇಶ ಸಾಧನ ಬಳಸುವವರಿಗೆ ಎರಡು ಎಚ್ಚರಿಕೆ. ವಿಂಡೋಸ್ ಜೊತೆಗೇ ಬರುವ 5.1ನೇ ಆವೃತ್ತಿಯಲ್ಲಿ ಎಕ್ಸ್‌ಪೋರ್ಟ್-ಸಿಎಸ್‌ವಿ ಆದೇಶ ಎನ್‌ಕೋಡಿಂಗ್ ಹೇಳದಿದ್ದರೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಆಸ್ಕಿಯಲ್ಲಿ ಬರೆಯುತ್ತದೆ, ಕನ್ನಡದ ಪ್ರತಿ ಚಿಹ್ನೆಯೂ ಪ್ರಶ್ನಾರ್ಥಕ ಚಿಹ್ನೆಯಾಗಿ ಮಾಹಿತಿ ಮರಳಿ ಬಾರದಂತೆ ಅಳಿದುಹೋಗುತ್ತದೆ. ಓದುವಾಗಲೂ ಬರೆಯುವಾಗಲೂ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಸ್ಕ್ರಿಪ್ಟಿನೊಳಗೇ ಕನ್ನಡ ಪದಗಳಿದ್ದರೆ ಆ ಕಡತವನ್ನೂ ಬೈಟ್ ಆರ್ಡರ್ ಮಾರ್ಕ್ (ಕಡತದ ಆರಂಭದಲ್ಲಿ ಎನ್‌ಕೋಡಿಂಗ್ ಸೂಚಿಸುವ ಗುರುತು) ಸಹಿತ ಉಳಿಸಬೇಕು. ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವ ಸಿಎಸ್‌ವಿಗೂ ಅದು ಬೇಕು. ಇನ್ನು ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಪಿಎನ್‌ಪಿ ಪವರ್‌ಶೆಲ್ (ಪವರ್‌ಶೆಲ್‌ಗೆ ಶೇರ್‌ಪಾಯಿಂಟ್ ಆದೇಶಗಳನ್ನು ಸೇರಿಸುವ ಕಟ್ಟು) ಮೂಲಕ ಸೇರುವವರ ಹಳೆಯ ಸ್ಕ್ರಿಪ್ಟ್‌ಗಳು ಲಾಗಿನ್ ಹಂತದಲ್ಲೇ ನಿಲ್ಲುತ್ತಿದ್ದರೆ, ಎಲ್ಲರೂ ಹಂಚಿಕೊಂಡು ಬಳಸುತ್ತಿದ್ದ ಆ್ಯಪ್ ನೋಂದಣಿಯನ್ನು 2024ರ ಸೆಪ್ಟೆಂಬರ್ 9ರಂದು ತೆಗೆದುಹಾಕಿದ್ದೇ ಕಾರಣವಿರಬಹುದು. ನಿಮ್ಮ ಸಂಸ್ಥೆಯದೇ ಆ್ಯಪ್ ನೋಂದಾಯಿಸಿ ಅದರ ಐಡಿಯನ್ನು ಕೊಡಬೇಕು.

ಹೆಸರುಗಳನ್ನು ಹೋಲಿಸುವ ಸ್ಕ್ರಿಪ್ಟ್‌ಗಳಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಹೊಂದಿಕೆಯಾಗದೆ ಹೋಗುವುದುಂಟು. ‘ರಾಜ್‌ಕುಮಾರ್’ ಎಂದು ಜ್ ಮತ್ತು ಕು ಬಿಡಿಯಾಗಿ ಬರಲೆಂದು ಟೈಪಿಸಿದಾಗ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಕೆಲವರ ಕೀಲಿಮಣೆಯಲ್ಲಿ ಅದು ಪದದ ಕೊನೆಗೂ ಉಳಿದುಬಿಡುತ್ತದೆ. ಕೋ, ಲೋ ಮುಂತಾದವುಗಳ ದೀರ್ಘ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದಾದ್ದರಿಂದ ಅಲ್ಲೂ ಇದೇ ತೊಂದರೆ. ಹೋಲಿಸುವ ಮೊದಲು ಎರಡೂ ಪದಗಳಿಂದ 200ಸಿ ಮತ್ತು ಅದರಂತೆಯೇ ಕಣ್ಣಿಗೆ ಕಾಣದ 200ಡಿ ಚಿಹ್ನೆಗಳನ್ನು ತೆಗೆದು, ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್‌ನಿಂದ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಳ್ಳಿ. ಉಳಿಸುವಾಗ ಮಾತ್ರ ಜನರು ಬರೆದಂತೆಯೇ ಉಳಿಸಿ; ಅವರ ಹೆಸರಿನ ಬರವಣಿಗೆ ಅವರದು.

ಕೊನೆಯದಾಗಿ, ಸೈಟಿನಲ್ಲಿಯೇ ‘ಬದಲಾವಣೆಗಳು’ ಎಂಬ ಒಂದು ಲಿಸ್ಟ್ ಮಾಡಿ. ಯಾವ ಪುಟದಲ್ಲಿ, ಯಾವ ಕಡತ, ಯಾರು ಕೇಳಿದ್ದಕ್ಕಾಗಿ, ಯಾವ ದಿನ ಸೇರಿಸಿದ್ದು, ತೆಗೆಯಬೇಕಾದರೆ ಏನು ಮಾಡಬೇಕು ಎಂಬ ಐದು ಕಾಲಂಗಳು ಸಾಕು. ಕಾಲಂಗಳನ್ನು ಇಂಗ್ಲಿಷಿನಲ್ಲಿ ಹುಟ್ಟಿಸಿ ಆಮೇಲೆ ಕನ್ನಡಕ್ಕೆ ಬದಲಿಸಿ. ಸ್ಕ್ರಿಪ್ಟ್ ಕಡತದ ಮೊದಲ ಸಾಲಿನಲ್ಲಿ ಟಿಪ್ಪಣಿಯಾಗಿ ಈ ಲಿಸ್ಟಿನ ಸಾಲಿನ ಸಂಖ್ಯೆಯನ್ನು ಬರೆದಿಡಿ.